ಎಪಿಕ್ಯೂರಸ್‌ನ ತೋಟ ಹುಡುಕಿಕೊಂಡು ಏಳು ದಿನ

ಮೊದಲ ದಿನ: ಅಥೆನ್ಸ್‌ಗೆ ಬಂದಿಳಿದೆವು

ಲಗೇಜ್ ಬೆಲ್ಟ್ ಸುತ್ತುವುದು ನಿಂತಾಗ ಅದರ ಮುಂದೆ ಉಳಿದವರು ನಾನು ಮತ್ತು ಅಕ್ಕ ಇಬ್ಬರೇ. ನಮ್ಮ ಎರಡೂ ಸೂಟ್‌ಕೇಸ್ ಬಂದಿರಲಿಲ್ಲ. ಬೆಂಗಳೂರಿನಿಂದ ಹೊರಟು ಮಧ್ಯೆ ಒಂದು ಕಡೆ ವಿಮಾನ ಬದಲಿಸಿದ್ದೆವು, ಅಲ್ಲೇ ಉಳಿದುಕೊಂಡಿದ್ದವು. ಎರಡು ಮೂರು ದಿನ ಆಗಬಹುದು ಎಂದು ಕೌಂಟರಿನ ಹುಡುಗಿ ಒಂದು ಫಾರಂ ಕೊಟ್ಟಳು. ಒಳಗೆ ಏನೇನಿತ್ತು ಬರೆಯಿರಿ ಎಂದಳು. ಅವಲಕ್ಕಿ, ಚಟ್ನಿಪುಡಿ, ಸ್ವೆಟರ್, ಸೀರೆ ಎಂದು ಬರೆದೆವು. ಆಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಎರಡು ದಿನ ಕೂತು ತುಂಬಿದ ಪೆಟ್ಟಿಗೆ. ಅದರಲ್ಲಿ ಅರ್ಧ ಸಾಮಾನು ನಮಗೆ ನೆನಪಿಗೇ ಬರಲಿಲ್ಲ.

ಅಕ್ಕನಿಗೆ ಒಂದೇ ಚಿಂತೆ. "ಅಮ್ಮನ ಸೀರೆ ಅದರಲ್ಲೇ ಇದೆ ಕಣೇ" ಎಂದಳು.

ಆ ಸೀರೆಯ ವಿಷಯ ಹೇಳದೆ ನಾವು ಇಲ್ಲಿಗೆ ಯಾಕೆ ಬಂದೆವು ಎಂದು ಹೇಳಲು ಆಗುವುದಿಲ್ಲ. ಅಮ್ಮ ಹೋದ ವರ್ಷ ತೀರಿಕೊಂಡಳು. ತುಮಕೂರಿನ ಮನೆಯಲ್ಲಿ ಎಂಟು ತಿಂಗಳು ನಾವಿಬ್ಬರೂ ಸರದಿ ಪ್ರಕಾರ ರಾತ್ರಿ ಎದ್ದಿರುತ್ತಿದ್ದೆವು. ಎಲ್ಲ ಮುಗಿದ ಮೇಲೆ ಅವಳ ಟ್ರಂಕ್ ತೆಗೆದೆವು. ಹನ್ನೊಂದು ಸೀರೆ ಇದ್ದವು, ಮಡಿಕೆ ಬಿಚ್ಚಿಯೇ ಇರಲಿಲ್ಲ. ನಾವು ಕೊಡಿಸಿದ್ದು, ತಮ್ಮಂದಿರು ಕೊಟ್ಟಿದ್ದು. "ಒಳ್ಳೆ ದಿನಕ್ಕೆ ಇರಲಿ" ಎಂದು ಇಟ್ಟಿದ್ದಳು. ಅದರಲ್ಲೊಂದು ಮಾವಿನ ಹಣ್ಣಿನ ಬಣ್ಣದ ಇಳಕಲ್ ಸೀರೆಯನ್ನು ಅಕ್ಕ ತಾನು ತೆಗೆದುಕೊಂಡಳು. ಅವಳೂ ಅದನ್ನು ಉಟ್ಟಿರಲಿಲ್ಲ.

ಆ ಎಂಟು ತಿಂಗಳಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಹಳೇ ಗ್ರೀಸಿನ ತತ್ವಜ್ಞಾನಿ ಎಪಿಕ್ಯೂರಸ್ ಬರೆದ ಒಂದು ಪತ್ರ ಓದುತ್ತಿದ್ದೆ. ಮೆನೋಯ್ಕಿಯಸ್ ಎಂಬ ಗೆಳೆಯನಿಗೆ ಬರೆದದ್ದು, ಕೆಲವೇ ಪುಟ. ಅದು ಶುರುವಾಗುವುದೇ ಹೀಗೆ: ಚಿಕ್ಕವರು ತತ್ವವಿಚಾರವನ್ನು ಮುಂದೆ ಹಾಕಬಾರದು, ವಯಸ್ಸಾದವರು ಇದರಿಂದ ದಣಿಯಬಾರದು. ಮನಸ್ಸು ಗುಣವಾಗಲು ಹೊತ್ತು ಆಗಿಲ್ಲ, ಹೊತ್ತು ಮೀರಿತು ಎಂಬುದೇ ಇಲ್ಲ. ನನಗೆ 58, ಅಕ್ಕನಿಗೆ 63. ಆ ಮಾತು ನಮಗೇ ಬರೆದ ಹಾಗಿತ್ತು. ಆತ ಓಡಾಡಿದ ಜಾಗ ನೋಡೋಣ ಅಂದೆ. ಅಕ್ಕ ಮೊದಲು ಖರ್ಚು ಕೇಳಿದಳು. ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು.

ಸಂಜೆ ಪ್ಸಿರ್ರಿ ಎಂಬ ಹಳೇ ಕೇರಿಯಲ್ಲಿ ರೂಮು ಸಿಕ್ಕಿತು. ಹತ್ತಿರದ ಸಣ್ಣ ಹೋಟೆಲಿನಲ್ಲಿ 'ಹೋರ್ತಾ' ತರಿಸಿದೆವು. ಕಾಡುಸೊಪ್ಪು ಬೇಯಿಸಿ, ಆಲಿವ್ ಎಣ್ಣೆ ಹಾಕಿ, ನಿಂಬೆಹಣ್ಣು ಹಿಂಡಿದ್ದು. ಜೊತೆಗೆ ದಪ್ಪ ರೊಟ್ಟಿ. ಅಕ್ಕ ಒಂದು ತುತ್ತು ತಿಂದು, "ಇದು ನಮ್ಮ ದಂಟಿನಸೊಪ್ಪಿನ ಥರಾನೇ ಇದೆಯಲ್ಲೇ" ಎಂದಳು. ಪ್ರಯಾಣದ ಹಸಿವು. ತಟ್ಟೆ ಖಾಲಿಯಾಯಿತು.

ಎರಡನೇ ದಿನ: ಅಗೋರಾ

ಬೆಳಿಗ್ಗೆ ಮೊದಲ ಕೆಲಸ ಅಂಗಡಿಗೆ ಹೋಗಿದ್ದು. ಹಲ್ಲುಜ್ಜುವ ಬ್ರಷ್, ಪೇಸ್ಟು, ಒಂದೊಂದು ಜೊತೆ ಬಟ್ಟೆ. ಮಾತ್ರೆಗಳು ಕೈಚೀಲದಲ್ಲೇ ಇದ್ದವು. ಇಷ್ಟೇ ಬೇಕಾಗಿದ್ದದ್ದು. ಎಪಿಕ್ಯೂರಸ್ ಆಸೆಗಳನ್ನು ಮೂರು ಬಗೆ ಮಾಡುತ್ತಾನೆ. ಸಹಜವೂ ಹೌದು, ಅಗತ್ಯವೂ ಹೌದು ಎನ್ನುವಂಥವು: ಊಟ, ನೀರು, ಮೈಗೆ ಬಟ್ಟೆ. ಸಹಜ, ಆದರೆ ಅಗತ್ಯವಲ್ಲದವು: ಇಂಥದ್ದೇ ರುಚಿಯ ಊಟ ಬೇಕು ಎಂಬುದು. ಮೂರನೆಯದು ಎರಡೂ ಅಲ್ಲದ್ದು, ಬರೀ ಜನರ ಕಣ್ಣಿಗಾಗಿ ಹುಟ್ಟಿದ್ದು: ಕೀರ್ತಿ, ಅಧಿಕಾರ, ನನ್ನ ಪ್ರತಿಮೆ ನಿಲ್ಲಿಸಬೇಕು ಎಂಬಂಥವು. ಮೊದಲನೆಯದಕ್ಕೆ ಒಂದು ಅಳತೆ ಇದೆ, ತುಂಬಿದರೆ ಸಾಕು ಅನ್ನಿಸುತ್ತದೆ. ಮೂರನೆಯದಕ್ಕೆ ತಳವೇ ಇಲ್ಲ.

ಅಗೋರಾ ಅಂದರೆ ಹಳೇ ಅಥೆನ್ಸಿನ ಸಂತೆ ಬಯಲು, ಕಚೇರಿ, ನ್ಯಾಯಾಲಯ ಎಲ್ಲಾ ಒಂದೇ ಕಡೆ. ಜನ ಎಲ್ಲ ಹೆಫೈಸ್ಟಸ್ ದೇವಸ್ಥಾನದ ಕಡೆ ಹತ್ತುತ್ತಿದ್ದರು. ಅದು ಇನ್ನೂ ಹೆಚ್ಚುಕಮ್ಮಿ ಇಡಿಯಾಗಿ ನಿಂತಿದೆ. ನಾನು ಅದರ ಬುಡದಲ್ಲಿರುವ ಮೆಟ್ರೋನ್ ಹುಡುಕಿದೆ. ಅದು ದೇವತೆಗಳ ತಾಯಿಯ ಗುಡಿ, ಜೊತೆಗೆ ಊರಿನ ದಾಖಲೆಗಳನ್ನು ಇಡುವ ಜಾಗ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಹಾಗೆ ಎಂದುಕೊಳ್ಳಬಹುದು. ಹಳೇ ಕಟ್ಟಡದ ಜಾಗದಲ್ಲೇ ಕ್ರಿ.ಪೂ. 2ನೇ ಶತಮಾನದಲ್ಲಿ ಹೊಸದು ಕಟ್ಟಿದರು. ಈಗ ತಳಪಾಯದ ಕಲ್ಲುಸಾಲು, ಸುತ್ತ ಹುಲ್ಲು. ನಿಂತು ನೋಡುವವರು ನಾವಿಬ್ಬರೇ.

ನನಗೆ ಈ ಜಾಗ ಯಾಕೆ ದೊಡ್ಡದು ಅಂದರೆ, ಎಪಿಕ್ಯೂರಸ್ ತನ್ನ ಆಸ್ತಿಯ ದಾನಪತ್ರವನ್ನು ಇಟ್ಟಿದ್ದು ಇಲ್ಲಿ. ಆತನ ಉಯಿಲು ನಮಗೆ ಪೂರ್ತಿ ಸಿಕ್ಕಿದೆ. ಡಯೋಜಿನಿಸ್ ಲಾಯೆರ್ಷಿಯಸ್ ಎಂಬ ಲೇಖಕ ಅದನ್ನು ಉಳಿಸಿಕೊಟ್ಟಿದ್ದಾನೆ. ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿಗೆ ಬಂದ ಎಪಿಕ್ಯೂರಸ್ 80 ಮಿನಾ ಕೊಟ್ಟು ತೋಟ ಕೊಂಡ, ಗೆಳೆಯರ ಜೊತೆ ಇದ್ದು ಪಾಠ ಹೇಳಿದ್ದು ಅಲ್ಲೇ. ಒಂದು ಮಿನಾ ಅಂದರೆ 100 ದ್ರಾಕ್ಮಾ. ಆ ತೋಟವನ್ನು ಸಾಯುವ ಮುಂಚೆ ಇಬ್ಬರು ಅಥೆನ್ಸ್ ನಾಗರಿಕರ ಹೆಸರಿಗೆ ಮಾಡಿದ. ಆದರೆ ಶರತ್ತು ಹಾಕಿದ: ತೋಟ ಹೆರ್ಮಾರ್ಕಸ್‌ಗೂ ಜೊತೆಯವರಿಗೂ ಬಿಡಬೇಕು. ಹೆರ್ಮಾರ್ಕಸ್ ಬೇರೆ ಊರಿನವನು, ಲೆಸ್ಬೋಸ್ ದ್ವೀಪದವನು, ಹಾಗಾಗಿ ಅಥೆನ್ಸಿನಲ್ಲಿ ಅವನ ಹೆಸರಿಗೇ ಆಸ್ತಿ ಮಾಡುವ ಹಾಗಿರಲಿಲ್ಲ. ಗೆಳೆಯ ಮೆಟ್ರೊಡೋರಸ್ ತೀರಿಕೊಂಡು ಏಳು ವರ್ಷ ಆಗಿತ್ತು. ಅವನ ಮಗನನ್ನು ನೋಡಿಕೊಳ್ಳಬೇಕು, ಮಗಳಿಗೆ ಮದುವೆ ಮಾಡಬೇಕು, ವರದಕ್ಷಿಣೆಗೆ ಇಷ್ಟು ತೆಗೆದಿಡಬೇಕು ಎಂದು ಬರೆದಿದ್ದಾನೆ. ಮೀಸ್, ನಿಕಿಯಸ್, ಲೈಕಾನ್ ಎಂಬ ಗುಲಾಮರಿಗೆ, ಫೈಡ್ರಿಯಂ ಎಂಬ ಗುಲಾಮ ಹೆಂಗಸಿಗೆ ಬಿಡುಗಡೆ. ಪ್ರತಿ ತಿಂಗಳ 20ನೇ ತಾರೀಕು ಎಲ್ಲರೂ ಸೇರಿ ಊಟ ಮಾಡಬೇಕು, ನನ್ನನ್ನೂ ಮೆಟ್ರೊಡೋರಸ್‌ನನ್ನೂ ನೆನೆಯಬೇಕು.

ಸುಖವೇ ಬದುಕಿನ ಗುರಿ ಎಂದವನ ಉಯಿಲು ಇದು. ಇದರಲ್ಲಿ ಬಂಗಾರ ಇಲ್ಲ. ಇರುವುದು ಸ್ನೇಹಿತರು, ಸ್ನೇಹಿತರ ಮಕ್ಕಳು.

ಇದೇ ಮೆಟ್ರೋನ್‌ನಲ್ಲಿ ಅದಕ್ಕೂ ಮುಂಚೆ ಇನ್ನೊಬ್ಬ ಇದ್ದ. ಸಿನಿಕರು ಎಂಬ, ಏನೂ ಇಟ್ಟುಕೊಳ್ಳದೆ ಬದುಕುವ ಪಂಥದ ಡಯೋಜಿನಿಸ್. ಉಯಿಲು ಉಳಿಸಿದವನಲ್ಲ, ಬೇರೆ. ಉಳಿಯಲು ಮನೆ ಸಿಗದೆ ಇಲ್ಲಿದ್ದ ದೊಡ್ಡ ಮಣ್ಣಿನ ವಾಡೆಯೊಳಗೆ ವಾಸ ಮಾಡಿದ. ಹುಡುಗನೊಬ್ಬ ಬೊಗಸೆಯಲ್ಲಿ ನೀರು ಕುಡಿಯುವುದನ್ನು ಕಂಡು ತನ್ನ ಹತ್ತಿರ ಇದ್ದ ಲೋಟವನ್ನೂ ಎಸೆದುಬಿಟ್ಟನಂತೆ. ಅಕ್ಕನಿಗೆ ಈ ಕಥೆ ಬಹಳ ಹಿಡಿಸಿತು. "ಹಾಗಿರಬೇಕು ನೋಡು. ಏನೂ ಬೇಡ ಅಂದುಬಿಟ್ಟರೆ ಕಥೆ ಮುಗೀತು" ಎಂದಳು.

ನನಗೆ ಹಾಗನ್ನಿಸುವುದಿಲ್ಲ. ಎಪಿಕ್ಯೂರಸ್‌ಗೂ ಅನ್ನಿಸಿರಲಿಲ್ಲ. ತಿಳಿದವನು ಸಿನಿಕರ ಥರ ಬದುಕುವುದಿಲ್ಲ, ಭಿಕ್ಷೆ ಬೇಡುವುದಿಲ್ಲ ಎಂದ. ಇನ್ನೊಂದು ಮಾತು ಆತನದು: ಮಿತವಾಗಿ ಬದುಕುವುದಕ್ಕೂ ಒಂದು ಮಿತಿ ಇದೆ, ಅದನ್ನು ಮೀರಿದವನೂ ಅತಿ ಮಾಡಿದವನ ಥರವೇ ತಪ್ಪುತ್ತಾನೆ. ಈ ಮಾತು ವ್ಯಾಟಿಕನ್ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ 1888ರಲ್ಲಿ ಸಿಕ್ಕಿತು. ಅಮ್ಮನ ಟ್ರಂಕಿನ ಮುಂದೆ ಕೂತಿದ್ದಾಗ ನನಗೆ ನೆನಪಾಗಿದ್ದು ಇದೇ. ಅಮ್ಮ ಸರಳವಾಗಿ ಬದುಕಿದಳು ಎಂದು ಎಲ್ಲರೂ ಹೊಗಳುತ್ತಾರೆ. ಹೌದು, ಸರಳವಾಗಿಯೇ ಬದುಕಿದಳು. ಆದರೆ ಅದು ನಾಳೆಯ ಭಯದಿಂದ ಬಂದ ಸರಳತೆ. ಅಪ್ಪನ ಸಂಬಳ ಸಾಲದ ದಿನಗಳ ಭಯ ಅವಳನ್ನು ಬಿಟ್ಟು ಹೋಗಲೇ ಇಲ್ಲ. ಎಪಿಕ್ಯೂರಸ್ ಸರಳತೆ ಹೇಳಿದ್ದು ಆ ಭಯ ಹೋಗಲಿ ಎಂದು. ಬೇಕಾದ್ದು ಸ್ವಲ್ಪವೇ, ಆ ಸ್ವಲ್ಪ ಸಿಗುವುದು ಸುಲಭ ಎಂದು ಗೊತ್ತಾದವನು ನಿಶ್ಚಿಂತೆಯಾಗಿ ಇರಬಹುದು. ಸಿಕ್ಕಾಗ ಹಬ್ಬದೂಟವನ್ನೂ ಮನಸಾರೆ ಉಣ್ಣಬಹುದು. ಇದನ್ನು ಅಕ್ಕನಿಗೆ ಹೇಳಬೇಕು ಅನ್ನಿಸಿತು. ಅವಳೂ ಅಮ್ಮನ ದಾರಿಯಲ್ಲೇ ಇದ್ದಾಳೆ. ಬಾಯಿ ಬರಲಿಲ್ಲ.

ರಾತ್ರಿ 'ಫಸೊಲಾಡಾ' ತಿಂದೆವು. ಬಿಳಿ ಕಾಳು, ಟೊಮೆಟೊ, ಕ್ಯಾರೆಟ್ ಹಾಕಿದ ಸಾರು. ಆಗ ಅಕ್ಕನಿಗೆ ಕಾಳಿನ ಕಥೆ ಹೇಳಿದೆ. ಕ್ರಿ.ಪೂ. 295ರ ಸುಮಾರಿಗೆ ಡಿಮಿಟ್ರಿಯಸ್ ಎಂಬ ರಾಜ ಅಥೆನ್ಸಿಗೆ ಮುತ್ತಿಗೆ ಹಾಕಿದ. ಊರೊಳಗೆ ಕ್ಷಾಮ. ಮಾಡಿನಿಂದ ಬಿದ್ದ ಸತ್ತ ಇಲಿಗೆ ಅಪ್ಪ ಮಗ ಹೊಡೆದಾಡಿದರು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಆಗ ಎಪಿಕ್ಯೂರಸ್ ತನ್ನ ಜೊತೆಯವರನ್ನು ಉಳಿಸಿಕೊಂಡಿದ್ದು ಕಾಳನ್ನು ಎಣಿಸಿ ಹಂಚಿ. ನಾವು ತಿಂದ ಈ ಬಿಳಿ ಕಾಳು ಅಮೆರಿಕದಿಂದ ಬಂದದ್ದು, ಆತ ಕಂಡಿರಲು ಸಾಧ್ಯವಿಲ್ಲ. ಅಲ್ಲಿನ ಹಳೇ ಕಾಳು ಬೇರೆ. ನಮ್ಮ ಅವರೆಗಿಂತ ದೊಡ್ಡದು, ಚಪ್ಪಟೆ, ದಪ್ಪ ಸಿಪ್ಪೆ.

"ಎಲ್ಲರಿಗೂ ಒಂದೇ ಲೆಕ್ಕಾನಾ? ಅವನಿಗೂ?" ಅಕ್ಕ ಕೇಳಿದಳು.

"ಅವನಿಗೂ ಜೊತೆಯವರಿಗೂ ಸೇರಿಸಿ ಹಂಚಿದ ಅಂತಿದೆ ಅಕ್ಕಾ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮನೆ ನಡೆಸಿದವರಿಗೆ ಗೊತ್ತಾಗತ್ತೆ ಅದು" ಎಂದಳು.

ಮೂರನೇ ದಿನ: ಸ್ಮಶಾನದ ಬಾಗಿಲಿಂದ ತೋಟದ ಕಡೆಗೆ

ಈ ದಿನಕ್ಕಾಗಿಯೇ ನಾನು ಬಂದದ್ದು. ತೋಟ ಇದ್ದದ್ದು ಊರ ಗೋಡೆಯ ಹೊರಗೆ, ಡಿಪೈಲಾನ್ ಎಂಬ ಜೋಡಿ ಬಾಗಿಲಿನಿಂದ ಪ್ಲೇಟೋನ ಅಕಾಡೆಮಿಗೆ ಹೋಗುವ ದಾರಿಯ ಕಡೆ. ಆ ಬಾಗಿಲಿನ ಅವಶೇಷ ಕೆರಮೈಕೋಸ್‌ನಲ್ಲಿದೆ. ಹೆಸರೇ ಹೇಳುವ ಹಾಗೆ ಅದು ಕುಂಬಾರರ ಕೇರಿ. ಜೊತೆಗೆ ಊರಿನ ಸ್ಮಶಾನ.

ಏಪ್ರಿಲ್ ಕೊನೆ. ಸಮಾಧಿಗಳ ನಡುವೆ ಕೆಂಪು ಗಸಗಸೆ ಹೂವು ಅರಳಿತ್ತು. ಎರಿಡನೋಸ್ ಎಂಬ ಸಣ್ಣ ತೊರೆ ಹರಿಯುತ್ತಿತ್ತು. ಹುಲ್ಲಿನಲ್ಲಿ ಆಮೆಗಳು ಓಡಾಡುತ್ತಿದ್ದವು. ಒಂದು ಆಮೆ ಅಕ್ಕನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಅದು ದಾಟಿ ಹೋಗುವವರೆಗೂ ಅವಳು ಕಾಲು ಕದಲಿಸಲಿಲ್ಲ.

ಅಲ್ಲಿನ ಚಿಕ್ಕ ಮ್ಯೂಸಿಯಂನಲ್ಲಿ ಆಂಫರೇಟೆ ಎಂಬ ಹೆಂಗಸಿನ ಸಮಾಧಿ ಕಲ್ಲು ಇದೆ. ಸುಮಾರು ಕ್ರಿ.ಪೂ. 410ರದ್ದು. ಕುರ್ಚಿಯಲ್ಲಿ ಕೂತ ಹೆಂಗಸು, ಎಡಗೈಯಲ್ಲಿ ಬಟ್ಟೆ ಸುತ್ತಿದ ಕೂಸು. ತಾಯಿ ಮಗು ಎಂದುಕೊಂಡೆವು. ಅಲ್ಲ, ಅಜ್ಜಿ ಮೊಮ್ಮಗು. ಮೇಲೆ ಕೊರೆದಿರುವ ಸಾಲುಗಳ ಅರ್ಥ ಹೀಗೆ: ಮಗಳ ಮುದ್ದು ಕೂಸನ್ನು ಎತ್ತಿಕೊಂಡಿದ್ದೇನೆ. ಇಬ್ಬರೂ ಬದುಕಿ ಬಿಸಿಲು ಕಾಣುತ್ತಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಈಗ ಸತ್ತ ನಾನು ಸತ್ತ ಕೂಸನ್ನು ಹಿಡಿದಿದ್ದೇನೆ.

ಅಕ್ಕ ಅದರ ಮುಂದೆ ತುಂಬಾ ಹೊತ್ತು ನಿಂತಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ನಕಾಶೆ ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಡಿಪೈಲಾನ್‌ನಿಂದ ಹೊರಟ ರಸ್ತೆಯ ಎರಡೂ ಕಡೆ ಸಮಾಧಿಗಳೇ. ಯುದ್ಧದಲ್ಲಿ ಸತ್ತವರನ್ನು ಸರ್ಕಾರದ ಖರ್ಚಿನಲ್ಲಿ ಹೂಳುತ್ತಿದ್ದದ್ದೂ ಈ ದಾರಿಯಲ್ಲೇ. ತೋಟಕ್ಕೆ ಹೋಗುವವರು ಈ ಕಲ್ಲುಗಳನ್ನು ದಾಟಿ ಹೋಗಬೇಕಿತ್ತು. ಸಾವು ನಮಗೆ ಏನೂ ಅಲ್ಲ, ನಾವಿರುವಾಗ ಸಾವು ಇಲ್ಲ, ಸಾವು ಬಂದಾಗ ನಾವಿಲ್ಲ ಎಂದು ಎಪಿಕ್ಯೂರಸ್ ಹೇಳಿದ್ದನ್ನು ನಾನು ಮನೆಯಲ್ಲಿ ಕೂತು ಓದಿದಾಗ ಅದು ಒಂದು ವಾದದ ಹಾಗೆ ಕಂಡಿತ್ತು. ಇಲ್ಲಿ ಹಾಗಲ್ಲ. ಸ್ಮಶಾನದ ಪಕ್ಕದ ದಾರಿ ಹಿಡಿದು ಬಂದವರಿಗೆ ಹೇಳಿದ ಮಾತು ಅದು.

ನಿಜ ಹೇಳಬೇಕು. ಆ ಮಾತು ನನ್ನ ಸಾವಿನ ಭಯಕ್ಕೆ ಮದ್ದಾಯಿತು, ಅಮ್ಮ ಇಲ್ಲದ ನೋವಿಗೆ ಆಗಲಿಲ್ಲ. ಅದಕ್ಕೆ ಆತನ ಬೇರೆ ಮಾತು ಬೇಕಾಯಿತು. ಆತ ಸತ್ತಿದ್ದು ಕ್ರಿ.ಪೂ. 270ರ ಸುಮಾರಿಗೆ, 72ನೇ ವಯಸ್ಸಿನಲ್ಲಿ, ಮೂತ್ರದ ಕಲ್ಲಿನಿಂದ. 14 ದಿನ ಒದ್ದಾಡಿದ. ಕೊನೆಗೆ ಕಂಚಿನ ತೊಟ್ಟಿಯ ಬಿಸಿನೀರಿನಲ್ಲಿ ಕೂತು, ಸ್ವಲ್ಪ ದ್ರಾಕ್ಷಾರಸ ಕುಡಿದು, ನಾನು ಕಲಿಸಿದ್ದನ್ನು ಮರೆಯಬೇಡಿ ಎಂದು ಗೆಳೆಯರಿಗೆ ಹೇಳಿ ಹೋದ. ಇಡೊಮೆನಿಯಸ್ ಎಂಬ ಗೆಳೆಯನಿಗೆ ಬರೆದ ಕೊನೆಯ ಪತ್ರದಲ್ಲಿ, ಇದು ನನ್ನ ಕೊನೆಯ ದಿನ, ಸಂತೋಷದ ದಿನ ಎನ್ನುತ್ತಾನೆ. ನೋವು ಇದಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ, ಆದರೆ ನಾವು ಆಡಿದ ಮಾತುಗಳ ನೆನಪಿನ ಸಂತೋಷವನ್ನು ಅದರ ಎದುರು ಇಟ್ಟಿದ್ದೇನೆ ಎನ್ನುತ್ತಾನೆ. ಮತ್ತೆ ಅದೇ ಕೋರಿಕೆ: ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೋ.

ಅಮ್ಮನ ಕೊನೆಯ ತಿಂಗಳು. ಮಾರ್ಫಿನ್ ಇಳಿದಾಗ ಅವಳು ನಮ್ಮಿಬ್ಬರ ಚಿಕ್ಕಂದಿನ ಕಥೆ ಹೇಳುತ್ತಿದ್ದಳು. ಸಿದ್ಧಗಂಗೆ ಜಾತ್ರೆಯಲ್ಲಿ ನಾನು ಕಳೆದುಹೋಗಿದ್ದು, ಅಕ್ಕ ಹುಡುಕಿ ತಂದಿದ್ದು. ಹೇಳುವಾಗ ಮುಖ ಅರಳುತ್ತಿತ್ತು. ಅದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಈ ಪತ್ರ ಬರೀ ಬಾಯಿಮಾತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಬಾಗಿಲಿನಿಂದ ಅಕಾಡೆಮಿಗೆ ಆರು ಸ್ಟೇಡಿಯ ನಡೆದೆವು ಎಂದು ರೋಮಿನ ಸಿಸೆರೊ ಬರೆದಿದ್ದಾನೆ, ಅಂದರೆ ಒಂದು ಕಿಲೋಮೀಟರಿಗಿಂತ ತುಸು ಜಾಸ್ತಿ. ಅಲ್ಲಿ ತಲುಪಿದ ಮೇಲೆ ಅವನ ಗೆಳೆಯರಲ್ಲೊಬ್ಬ, ಈಗಷ್ಟೇ ದಾಟಿ ಬಂದೆವಲ್ಲ ಎಂದು ಎಪಿಕ್ಯೂರಸ್‌ನ ತೋಟವನ್ನು ನೆನೆಯುತ್ತಾನೆ. ಈಗ ಆ ದಾರಿ ಒಂದು ಸಾಮಾನ್ಯ ಬಡಾವಣೆ. ಸಲಾಮಿನೋಸ್ ಬೀದಿಯ ಕಡೆ ನಡೆದೆವು. ಬೈಕ್ ರಿಪೇರಿ ಅಂಗಡಿ, ಮುಚ್ಚಿದ ಕಾರ್ಖಾನೆ, ಗೋಡೆ ತುಂಬಾ ಚಿತ್ರ, ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ. ಫುಟ್‌ಪಾತ್ ಮೇಲೆ ಕಹಿ ಕಿತ್ತಳೆ ಮರಗಳು. ತೋಟ ಎಂದು ತೋರಿಸುವ ಬೋರ್ಡಿಲ್ಲ, ಕಲ್ಲಿಲ್ಲ. ಅಕ್ಕನ ಮಂಡಿ ನೋಯುತ್ತಿತ್ತು. ಒಂದು ಕಿತ್ತಳೆ ಮರದ ಕಟ್ಟೆಯ ಮೇಲೆ ಕೂತೆವು. ಚೀಲದಲ್ಲಿ ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ ಇತ್ತು, 'ಕುಲೂರಿ' ಅನ್ನುತ್ತಾರೆ. ಒಂದು ತುಂಡು ಚೀಸ್ ಕೂಡ. ಎಪಿಕ್ಯೂರಸ್ ಒಮ್ಮೆ ಗೆಳೆಯನಿಗೆ, ನನಗೊಂದು ಸಣ್ಣ ಗಡಿಗೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬ ಮಾಡುತ್ತೇನೆ ಎಂದು ಬರೆದಿದ್ದ. ಆತನ ದಿನದ ಊಟ ರೊಟ್ಟಿ ಮತ್ತು ನೀರು. ಹಸಿದ ಬಾಯಿಗೆ ರೊಟ್ಟಿ ನೀರು ಕೊಡುವಷ್ಟು ಸುಖ ಬೇರೆ ಯಾವುದೂ ಕೊಡದು ಎಂದವನು.

ತೋಟದ ಬಾಗಿಲಲ್ಲಿ ಒಂದು ಬರಹ ಇತ್ತು ಎಂದು ರೋಮಿನ ಲೇಖಕ ಸೆನೆಕಾ ಹೇಳುತ್ತಾನೆ. ಅವನು ಎದುರು ಪಂಥದವನು, ಸ್ಟೋಯಿಕ್. ಆದರೂ ಪ್ರೀತಿಯಿಂದ ಹೇಳುತ್ತಾನೆ. ಬಂದವರೇ, ಇಲ್ಲಿ ಉಳಿದರೆ ನಿಮಗೆ ಒಳ್ಳೆಯದು, ಇಲ್ಲಿ ಸುಖವೇ ಎಲ್ಲಕ್ಕಿಂತ ದೊಡ್ಡದು ಎಂದು ಬರೆದಿತ್ತಂತೆ. ಒಳಗೆ ಹೋದರೆ ನೋಡಿಕೊಳ್ಳುವವನು ಬಾರ್ಲಿ ಗಂಜಿ ಕೊಟ್ಟು, ಬೇಕಾದಷ್ಟು ನೀರು ಕೊಟ್ಟು, ಊಟ ಚೆನ್ನಾಗಿತ್ತಲ್ಲವೇ ಎಂದು ಕೇಳುತ್ತಾನೆ. ಈ ತೋಟ ಹಸಿವು ಕೆರಳಿಸುವುದಿಲ್ಲ, ತಣಿಸುತ್ತದೆ ಎನ್ನುತ್ತಾನೆ.

"ಅಂಬಲಿ" ಎಂದಳು ಅಕ್ಕ.

"ಹೂಂ, ಅಂಬಲೀನೇ."

"ಹೆಂಗಸರೂ ಹೋಗಬಹುದಿತ್ತಾ ಅಲ್ಲಿಗೆ?"

ಹೋಗಬಹುದಿತ್ತು. ಥೆಮಿಸ್ಟಾ ಎಂಬ ಗೃಹಿಣಿ ಇದ್ದಳು, ಗಂಡನ ಜೊತೆ. ಲಿಯಾಂಟಿಯನ್ ಎಂಬ ಗಣಿಕೆ ಇದ್ದಳು. ಅವಳು ಥಿಯೋಫ್ರಾಸ್ಟಸ್‌ನಂಥ ದೊಡ್ಡ ಪಂಡಿತನ ವಿರುದ್ಧ ಪುಸ್ತಕ ಬರೆದಳು. ಗುಲಾಮ ಮೀಸ್ ಕೂಡ ಜೊತೆಗೆ ಕೂತು ಕಲಿತವನು. ಇದನ್ನು ಸಹಿಸದವರು ಏನೇನು ಕಥೆ ಕಟ್ಟಿರಬಹುದು ಎಂದು ಊಹಿಸಬಹುದು. ಮೆಟ್ರೊಡೋರಸ್‌ನ ಸೋದರ ಟಿಮೊಕ್ರಟಿಸ್ ಜಗಳವಾಡಿ ಹೊರಗೆ ಹೋದ. ಎಪಿಕ್ಯೂರಸ್ ತಿಂದು ತಿಂದು ದಿನಕ್ಕೆರಡು ಸಲ ವಾಂತಿ ಮಾಡುತ್ತಾನೆ, ಊಟಕ್ಕೆ ದಿನಕ್ಕೊಂದು ಮಿನಾ ಖರ್ಚು ಮಾಡುತ್ತಾನೆ ಎಂದು ಹಬ್ಬಿಸಿದ. ಇವತ್ತಿಗೂ ಇಂಗ್ಲಿಷಿನಲ್ಲಿ 'ಎಪಿಕ್ಯೂರ್' ಅಂದರೆ ಊಟದ ರಸಿಕ. ರೊಟ್ಟಿ ತಿಂದು ನೀರು ಕುಡಿದವನ ಹೆಸರು ಅಲ್ಲಿಗೆ ಹೋಗಿ ಸೇರಿದೆ.

ಅಕಾಡೆಮಿ ಈಗ ಮರಗಳ ಪಾರ್ಕು. ಮಕ್ಕಳು ಚೆಂಡಾಡುತ್ತಿದ್ದರು. ಬೇಗ ಹಿಂದೆ ಬಂದೆವು. ರೂಮಿಗೆ ಬಂದಾಗ ಸೂಟ್‌ಕೇಸ್‌ಗಳು ಬಂದಿದ್ದವು. ಅಕ್ಕ ಮೊದಲು ಇಳಕಲ್ ಸೀರೆ ತೆಗೆದು ನೋಡಿದಳು, ಮಡಿಸಿ ಮತ್ತೆ ಕೆಳಗಿಟ್ಟಳು. ನಾಳೆ ಉಟ್ಕೋ ಅಂದೆ. "ಇರಲಿ ಬಿಡೇ, ಒಳ್ಳೆ ದಿನಕ್ಕೆ" ಎಂದಳು.

ನಾಲ್ಕನೇ ದಿನ: ಪಿರೇಯಸ್‌ನಿಂದ ಹಡಗು

ಸೂಟ್‌ಕೇಸ್ ಎಳೆದುಕೊಂಡು ಮೆಟ್ರೋ ಹತ್ತಿ ಇಳಿಯುವುದರಲ್ಲೇ ಸಾಕಾಯಿತು. ಮೂರು ದಿನ ಅದಿಲ್ಲದೆ ಹಾಯಾಗಿದ್ದೆವು.

ಹಡಗಿನ ಡೆಕ್ ಮೇಲೆ ಕೂತಾಗ ಅಕ್ಕ ಒಂದು ಪ್ರಶ್ನೆ ಕೇಳಿದಳು. "ಸಾಲ ಮಾಡಿಯಾದ್ರೂ ತುಪ್ಪ ತಿನ್ನು ಅಂದೋರು ನಮ್ಮಲ್ಲೂ ಇದ್ರಲ್ಲ, ಚಾರ್ವಾಕರು. ಇವನೂ ಅದೇನಾ?"

ಒಳ್ಳೇ ಪ್ರಶ್ನೆ. ಆ ತುಪ್ಪದ ಮಾತು ನಮಗೆ ಸಿಗುವುದು ಎಲ್ಲಿ? ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹದಲ್ಲಿ. ಮೊದಲ ಅಧ್ಯಾಯವೇ ಚಾರ್ವಾಕರದ್ದು. ಬರೆದವರು ಅವರನ್ನು ಖಂಡಿಸುವವರು. ಚಾರ್ವಾಕರ ಸ್ವಂತ ಗ್ರಂಥಗಳು ನಮಗೆ ಉಳಿದಿಲ್ಲ. ಎಪಿಕ್ಯೂರಸ್ ಕೂಡ ಸುಮಾರು 300 ಸುರುಳಿ ಬರೆದ. ಇಡಿಯಾಗಿ ಉಳಿದದ್ದು ಮೂರು ಪತ್ರ, 40 ಸೂತ್ರಗಳು, ಕೆಲವು ಬಿಡಿ ಮಾತು. ಅವೂ ಕಳೆದು, ವಿರೋಧಿಗಳು ಬರೆದದ್ದಷ್ಟೇ ಉಳಿದಿದ್ದರೆ ನಮಗೆ ಟಿಮೊಕ್ರಟಿಸ್‌ನ ವಾಂತಿಯ ಕಥೆ ಮಾತ್ರ ಸಿಗುತ್ತಿತ್ತು. ಸುಖ ಎಂಬ ಮಾತೆತ್ತಿದವರ ಬಗ್ಗೆ ಜನ ಬೇಗ ಕೆಟ್ಟದ್ದು ನಂಬುತ್ತಾರೆ. ಹಾಗಾಗಿ ಚಾರ್ವಾಕರು ಬರೀ ತುಪ್ಪ ತಿನ್ನುವವರು ಎಂದು ನಂಬಲು ನನಗೆ ಮನಸ್ಸು ಬರುವುದಿಲ್ಲ.

ಗಾಳಿ ಜೋರಾಯಿತು. ಅಕ್ಕ ಶಾಲು ಹೊದ್ದು ಮಲಗಿದಳು.

ಐದನೇ ದಿನ: ಸಾಮೋಸ್

ಎಪಿಕ್ಯೂರಸ್ ಹುಟ್ಟಿದ್ದು ಈ ದ್ವೀಪದಲ್ಲಿ, ಕ್ರಿ.ಪೂ. 341ರಲ್ಲಿ. ಊರಿನವರು ನೆನೆಯುವುದು ಮಾತ್ರ ಇಲ್ಲೇ ಹುಟ್ಟಿದ ಪೈಥಾಗೊರಸ್‌ನನ್ನು. ಊರಿಗೇ ಅವನ ಹೆಸರು, ಬಂದರಿನಲ್ಲಿ ಅವನ ಪ್ರತಿಮೆ. ಎಲೆಮರೆಯಲ್ಲಿ ಬದುಕು ಎಂದ ಎಪಿಕ್ಯೂರಸ್‌ಗೆ ಇದು ಸರಿಯೇ.

ಬೆಳಿಗ್ಗೆ ಯುಪಲಿನೋಸ್‌ನ ಸುರಂಗ ನೋಡಿದೆವು. ಕ್ರಿ.ಪೂ. 6ನೇ ಶತಮಾನದಲ್ಲಿ ಬೆಟ್ಟದ ಎರಡೂ ಕಡೆಯಿಂದ ಕೊರೆದು ಮಧ್ಯೆ ಸೇರಿಸಿದ 1,036 ಮೀಟರ್ ನೀರಿನ ದಾರಿ. ಅಕ್ಕ ಒಳಗೆ ಬರಲಿಲ್ಲ.

ಎಪಿಕ್ಯೂರಸ್‌ನ ಅಪ್ಪ ನಿಯೋಕ್ಲಿಸ್ ಶಾಲೆ ಮೇಷ್ಟ್ರು. ಅಥೆನ್ಸ್‌ನಿಂದ ಬಂದು ನೆಲೆಸಿದ ಕುಟುಂಬ. ಅಮ್ಮ ಮನೆಮನೆಗೆ ಹೋಗಿ ಮಂತ್ರ ಹಾಕುತ್ತಿದ್ದಳು, ಹುಡುಗ ಜೊತೆಗೆ ಹೋಗುತ್ತಿದ್ದ ಎಂದು ವಿರೋಧಿಗಳು ಹಂಗಿಸಿದ್ದರು. ಹಂಗಿಸಲು ಹೇಳಿದ್ದಾದರೂ ನನಗೆ ಆ ಚಿತ್ರ ಮನಸ್ಸಿನಿಂದ ಹೋಗುವುದಿಲ್ಲ. ದೇವರ ಭಯ, ದೆವ್ವದ ಭಯ ಜನರನ್ನು ಹೇಗೆ ಹಿಂಡುತ್ತದೆ ಎಂದು ಚಿಕ್ಕಂದಿನಲ್ಲೇ ನೋಡಿದ ಹುಡುಗನಾದರೆ, ದೇವರುಗಳು ನಮ್ಮನ್ನು ಶಿಕ್ಷಿಸಲು ಕೂತಿಲ್ಲ ಎಂದು ಮುಂದೆ ಅಷ್ಟು ಒತ್ತಿ ಹೇಳಿದ್ದು ಅರ್ಥವಾಗುತ್ತದೆ. ಮೊದಲು ಇದ್ದದ್ದು ಶೂನ್ಯದಂಥ ಕೇಯಾಸ್ ಎಂದು ಮೇಷ್ಟ್ರು ಹೆಸಿಯಡ್‌ನ ಪದ್ಯ ಓದಿಸಿದಾಗ, ಅದು ಎಲ್ಲಿಂದ ಬಂತು ಎಂದು ಕೇಳಿದನಂತೆ. ಉತ್ತರ ಸಿಗಲಿಲ್ಲ. ಅಲ್ಲಿಂದ ಶುರು.

ಪೈಥಾಗೊರಸ್‌ನ ಶಿಷ್ಯರು ಸ್ನೇಹಿತರ ಆಸ್ತಿ ಎಲ್ಲರದ್ದೂ ಎಂದು ಒಟ್ಟು ಮಾಡುತ್ತಿದ್ದರು. ಎಪಿಕ್ಯೂರಸ್ ಅದನ್ನು ಬೇಡ ಎಂದ. ಹಾಗೆ ಒಟ್ಟು ಮಾಡಬೇಕಾದರೆ ನಂಬಿಕೆ ಇಲ್ಲ ಎಂದಾಯಿತು, ನಂಬಿಕೆ ಇಲ್ಲದ ಕಡೆ ಸ್ನೇಹ ಎಲ್ಲಿ ಎಂದು ಕೇಳಿದ. ನಮ್ಮ ಮನೆ ಪಾಲಿನ ಮಾತುಕತೆ ನೆನಪಾಯಿತು. ಹೆಚ್ಚು ಬರೆಯುವುದಿಲ್ಲ.

ಆತನಿಗೆ 18 ಆದಾಗ ಅಥೆನ್ಸಿನಲ್ಲಿ ಸೈನಿಕ ತರಬೇತಿಗೆ ಹೋದ. ಅಷ್ಟರಲ್ಲಿ ಅಲೆಕ್ಸಾಂಡರ್ ಸತ್ತ. ಸಾಮೋಸ್‌ನಲ್ಲಿದ್ದ ಅಥೆನ್ಸಿನವರನ್ನೆಲ್ಲ ಹೊರಗೆ ಹಾಕಿದರು. ಮೇಷ್ಟ್ರ ಕುಟುಂಬ ಸಮುದ್ರ ದಾಟಿ ಎದುರಿನ ಕೊಲೊಫಾನ್ ಊರಿಗೆ ಹೋಯಿತು. ಸಂಜೆ ದಡದಲ್ಲಿ ನಿಂತರೆ ಎದುರಿಗೆ ಟರ್ಕಿಯ ಬೆಟ್ಟ. ಅತಿ ಹತ್ತಿರದ ಕಡೆ ನಡುವೆ ಬರೀ 1.6 ಕಿಲೋಮೀಟರ್ ನೀರು. ಈಗಿನ ಕಾಲದಲ್ಲಿ ನಿರಾಶ್ರಿತರು ಆ ಕಡೆಯಿಂದ ಈ ಕಡೆಗೆ ರಬ್ಬರ್ ದೋಣಿಯಲ್ಲಿ ಬಂದರು, ಎಷ್ಟೋ ಜನ ಮುಳುಗಿದರು. ನೀರು ಬಹಳ ಶಾಂತವಾಗಿತ್ತು. ನಾವು ಮಾತಾಡಲಿಲ್ಲ.

ಆರನೇ ದಿನ: ಬರೀ ದಾರಿ

ದೋಣಿಯಲ್ಲಿ ಟರ್ಕಿಯ ಕುಶಾದಸಿ. ಅಲ್ಲಿಂದ ಬಸ್ಸಲ್ಲಿ ಫೆತಿಯೆ. ರಾತ್ರಿಯಾಯಿತು. ಮೊಸರು ಅನ್ನ ಸಿಕ್ಕಿತು, ಅಕ್ಕ ಉಪ್ಪಿನಕಾಯಿ ತೆಗೆದಳು. ಅಷ್ಟೇ.

ಏಳನೇ ದಿನ: ಒಯ್ನೊಆಂಡಾ

ಬೆಳಿಗ್ಗೆ ಎದ್ದಾಗ ಅಕ್ಕ ಇಳಕಲ್ ಸೀರೆ ಉಟ್ಟು ನಿಂತಿದ್ದಳು. ಏನು ವಿಶೇಷ ಎಂದೆ. "ಏನಿಲ್ಲ, ಸುಮ್ನೆ" ಎಂದಳು.

ಕಾರು ಮಾಡಿಕೊಂಡು ಒಳನಾಡಿನ ಇಂಜೆಆಲಿಲೆರ್ ಎಂಬ ಹಳ್ಳಿಗೆ ಹೋದೆವು. ಅದರ ಮೇಲಿನ ಗುಡ್ಡದಲ್ಲಿ, ಸುಮಾರು 1,400 ಮೀಟರ್ ಎತ್ತರದಲ್ಲಿ ಒಯ್ನೊಆಂಡಾ ಎಂಬ ಹಾಳೂರು. ಅಕ್ಕನ ಮಂಡಿಗೆ ಆ ಏರು ಆಗದು. ಹಳ್ಳಿಯ ಒಂದು ಮನೆಯವರು ಅವಳಿಗೆ ಜಗಲಿಯಲ್ಲಿ ಜಾಗ ಕೊಟ್ಟರು. ನನ್ನ ಜೊತೆ ಆ ಮನೆಯ ಹುಡುಗ ಬಂದ. ಒಂದು ಗಂಟೆಗೂ ಜಾಸ್ತಿ ಹತ್ತಿದೆವು.

ಎಪಿಕ್ಯೂರಸ್ ಸತ್ತು ಸುಮಾರು 400 ವರ್ಷ ಆದಮೇಲೆ, ಕ್ರಿ.ಶ. 2ನೇ ಶತಮಾನದಲ್ಲಿ, ಈ ಮೂಲೆಯ ಊರಿನಲ್ಲಿ ಡಯೋಜಿನಿಸ್ ಎಂಬ ಸಿರಿವಂತ ಇದ್ದ. ವಾಡೆಯವನಲ್ಲ, ಬೇರೆ. ವಯಸ್ಸಾಗಿತ್ತು, ಕಾಯಿಲೆ ಇತ್ತು. ಸಂತೆ ಬಯಲಿನ ಕಂಬಸಾಲಿನ ಗೋಡೆಯ ಮೇಲೆ ಎಪಿಕ್ಯೂರಸ್ ಹೇಳಿದ್ದನ್ನೆಲ್ಲ ಕೊರೆಸಿದ. ಸುಮಾರು 25,000 ಪದ ಇತ್ತು ಎಂದು ವಿದ್ವಾಂಸರ ಲೆಕ್ಕ. ನಮ್ಮ ನಾಡಿನಲ್ಲಿ ಊರೂರಿಗೂ ಶಾಸನ ಇವೆ. ದಾನ ಕೊಟ್ಟಿದ್ದು, ಯುದ್ಧ ಗೆದ್ದಿದ್ದು, ತುರು ಬಿಡಿಸಲು ಹೋಗಿ ವೀರ ಸತ್ತಿದ್ದು. ಇದು ಬೇರೆ ಥರದ ದಾನ. ದಾರಿಹೋಕರು ನಿಂತು ಓದಿ ಮನಸ್ಸು ಹಗುರ ಮಾಡಿಕೊಳ್ಳಲಿ ಎಂದು ಬರೆಸಿದ್ದು.

ಯಾಕೆ ಬರೆಸಿದೆ ಎಂದು ಅವನೇ ಹೇಳಿದ್ದಾನೆ. ನನ್ನ ಬದುಕಿನ ಹೊತ್ತು ಮುಳುಗುತ್ತಿದೆ. ಒಬ್ಬರೋ ಇಬ್ಬರೋ ಕಷ್ಟದಲ್ಲಿದ್ದರೆ ಕರೆದು ಕೂರಿಸಿ ಹೇಳುತ್ತಿದ್ದೆ. ಆದರೆ ಜನ ಸುಳ್ಳು ನಂಬಿಕೆಯ ರೋಗವನ್ನು ಕುರಿಗಳ ಹಾಗೆ ಒಬ್ಬರಿಂದೊಬ್ಬರಿಗೆ ಅಂಟಿಸಿಕೊಳ್ಳುತ್ತಿದ್ದಾರೆ. ಇನ್ನೂ ಹುಟ್ಟದವರೂ ನಮ್ಮವರೇ. ಪರದೇಶದವರಿಗೂ ಸಹಾಯ ಮಾಡಬೇಕು. ಅವರನ್ನು ಪರದೇಶದವರು ಎನ್ನುತ್ತಾರೆ, ಆದರೆ ಅವರು ಹಾಗಲ್ಲ. ಭೂಮಿಯನ್ನು ತುಂಡು ಮಾಡಿ ನೋಡಿದರೆ ಒಬ್ಬೊಬ್ಬರಿಗೆ ಒಂದೊಂದು ನಾಡು. ಇಡಿಯಾಗಿ ನೋಡಿದರೆ ಎಲ್ಲರಿಗೂ ಒಂದೇ ನಾಡು, ಒಂದೇ ಮನೆ.

ಗೋಡೆ ಬಿತ್ತು. ಕಲ್ಲುಗಳನ್ನು ಜನ ಬೇರೆ ಕಟ್ಟಡಕ್ಕೆ ಬಳಸಿಕೊಂಡರು. 1884ರಲ್ಲಿ ಇಬ್ಬರು ಫ್ರೆಂಚ್ ತರುಣರು ಮೊದಲ ತುಂಡುಗಳನ್ನು ಕಂಡರು. 1968ರಿಂದ ಮಾರ್ಟಿನ್ ಫರ್ಗುಸನ್ ಸ್ಮಿತ್ ಎಂಬ ಇಂಗ್ಲೆಂಡಿನ ವಿದ್ವಾಂಸ ಇದಕ್ಕೇ ತಮ್ಮ ಆಯಸ್ಸು ಕೊಟ್ಟರು. ಈಗ 300ಕ್ಕೂ ಜಾಸ್ತಿ ತುಂಡುಗಳ ಪಟ್ಟಿಯಾಗಿದೆ.

ಮೇಲೆ ಕಲ್ಲುಗಳ ರಾಶಿ, ನಡುವೆ ಬೆಳೆದ ಮರಗಳು, ಅರ್ಧ ಕುಸಿದ ರಂಗಮಂದಿರ. ಬೇಲಿಯಿಲ್ಲ, ಟಿಕೆಟ್ ಇಲ್ಲ, ಬೇರೆ ಜನ ಇಲ್ಲ. ಹುಡುಗ ಒಂದು ಕಲ್ಲಿನ ಮೇಲಿನ ಎಲೆ ಗುಡಿಸಿ ತೋರಿಸಿದ. ಗ್ರೀಕ್ ಅಕ್ಷರಗಳು. ಆರು ತಿಂಗಳು ಕೂತು ಅಕ್ಷರಮಾಲೆ ಕಲಿತಿದ್ದೆ. ಒಂದೊಂದೇ ಕೂಡಿಸಿ ಓದಿದೆ. ಅರ್ಥವಾಗಲಿಲ್ಲ, ಅಂಚಿನಲ್ಲಿ ಮಾತು ಮುರಿದಿತ್ತು. ಆದರೂ ಕೈಯಿಟ್ಟು ಕೂತೆ. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ಕೊನೆಗಾಲದಲ್ಲಿ ತನ್ನ ಹಣವನ್ನು ಇದಕ್ಕೆ ಖರ್ಚು ಮಾಡಿದ ಮುದುಕ, ಹುಟ್ಟಿರದ ನನ್ನನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ. ತುಮಕೂರಿನ ಆ ರಾತ್ರಿಗಳಲ್ಲಿ ನನಗೆ ಬೇಕಾಗಿದ್ದನ್ನು ಅವನು ಅಷ್ಟು ಮುಂಚೆಯೇ ಕೊರೆಸಿಟ್ಟಿದ್ದ. ಕಣ್ಣಲ್ಲಿ ನೀರು ಬಂತು. ಹುಡುಗ ಆ ಕಡೆ ತಿರುಗಿ ನಿಂತ.

ಇಳಿದು ಬಂದಾಗ ನಾಲ್ಕು ಗಂಟೆ. ಜಗಲಿಯ ಮೇಲೆ ಚಾಪೆ, ಅದರ ಮೇಲೆ ಹಸಿರು ಕಾಯಿಯ ಗುಡ್ಡೆ. ಇಲ್ಲಿನವರು 'ಬಕ್ಲಾ' ಅನ್ನುತ್ತಾರೆ. ಆ ಹಳೇ ದೊಡ್ಡ ಕಾಳು. ಅಕ್ಕ ಮತ್ತು ಮನೆಯ ಹೆಂಗಸು ಎದುರು ಬದುರು ಕೂತು ಸುಲಿಯುತ್ತಿದ್ದರು. ಅಕ್ಕ ಕನ್ನಡದಲ್ಲೇ ಮಾತಾಡುತ್ತಿದ್ದಳು, ಆಕೆ ಟರ್ಕಿಶ್‌ನಲ್ಲಿ. ಅಕ್ಕ ಒಂದೊಂದು ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹಿತುಕಿದಳು. ಬೇಳೆ ಚಿಮ್ಮಿ ಬಟ್ಟಲಿಗೆ ಬಿತ್ತು. ಆಕೆ ನಕ್ಕು ತಾನೂ ಹಾಗೇ ಮಾಡಿದಳು. ಒಂದು ಬೇಳೆ ಅಂಗಳಕ್ಕೆ ಹಾರಿತು, ಕೋಳಿ ಓಡಿ ಬಂತು.

ಮಾವಿನ ಬಣ್ಣದ ಸೆರಗಿನ ಮೇಲೆ ಕಾಯಿಯ ಕಂದು ಕರೆ ಹತ್ತಿತ್ತು, ಎರಡು ಮೂರು ಕಡೆ.

"ಅಕ್ಕಾ, ಸೀರೆ" ಎಂದೆ.

"ನೋಡಿದೆ ಕಣೇ. ಬಾ, ಕೂತ್ಕೋ. ಇನ್ನೂ ಅರ್ಧ ಗುಡ್ಡೆ ಇದೆ" ಎಂದು ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.